ವಿಂಬಲ್ಡನ್ ಟಿಕೆಟ್: ಬ್ಯಾಲಟ್ಟೋ, ಕ್ಯೂನೋ, ಡಿಬೆಂಚರೋ? ಹೊರಗಿಂದ ಬರೋರಿಗೆ ಯಾವ ದಾರಿ ಸರಿ

ವಿಂಬಲ್ಡನ್ ನೋಡ್ಬೇಕು ಅಂತ ಆಸೆ ಇದೆ, ಲಂಡನ್ನಿಗೆ ಹೋಗೋ ಅವಕಾಶನೂ ಬಂದಿದೆ, ಆದ್ರೆ ಟಿಕೆಟ್ ಎಲ್ಲಿ ಸಿಗತ್ತೆ ಅಂತ ಹುಡುಕೋಕೆ ಕೂತ್ರೆ ತಲೆ ಕೆಟ್ಟು ಹೋಗತ್ತೆ. ಒಬ್ರು ಹೋದ ವರ್ಷನೇ ಬ್ಯಾಲಟ್, ಅಂದ್ರೆ ಟಿಕೆಟ್ ಲಾಟರಿ, ಹಾಕ್ಬೇಕಿತ್ತು ಅಂತಾರೆ, ಇನ್ನೊಬ್ರು ಟೆಂಟ್ ಹೊತ್ಕೊಂಡು ಹೋಗಿ ಪಾರ್ಕಲ್ಲಿ ಮಲ್ಕೊಳ್ಳಿ ಅಂತಾರೆ, ಮತ್ತೊಬ್ರು ಸಾವಿರಾರು ಪೌಂಡ್ ಇಲ್ದೆ ಆ ಕಡೆ ತಲೆನೂ ಹಾಕ್ಬೇಡಿ ಅಂತಾರೆ. ಮೂರು ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದ್ರೆ ಯಾವ್ದು ಯಾರಿಗೆ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ನಾನು ಬ್ಯಾಲಟ್ ಹಾಕಿ ಸಿಗದೆ ಇದ್ದಿದ್ದೂ ಇದೆ, ಕ್ಯೂನಲ್ಲಿ ನಿಂತು ಒಳಗೆ ಹೋಗಿ ಸಾಯಂಕಾಲ ಸೆಂಟರ್ ಕೋರ್ಟಲ್ಲಿ ಕೂತಿದ್ದೂ ಇದೆ, ಅದಕ್ಕೇ ಇದನ್ನ ಒಂದ್ಕಡೆ ಬರ್ದಿಡೋಣ ಅನ್ನಿಸ್ತು.

ಮೊದ್ಲು ಒಂದು ವಿಷ್ಯ ಇತ್ಯರ್ಥ ಮಾಡ್ಕೊಳ್ಳಿ. ನಿಮಗೆ ಬೇಕಿರೋದು ಸೆಂಟರ್ ಕೋರ್ಟಿನ ಸೀಟಾ, ಇಲ್ಲಾ ವಿಂಬಲ್ಡನ್ನಲ್ಲಿ ಒಂದು ದಿನಾನಾ? ಇವೆರಡೂ ಒಂದೇ ಅಂತ ಅಂದ್ಕೊಂಡೇ ಜಾಸ್ತಿ ಜನ ದುಡ್ಡು ಕಳ್ಕೊಳ್ಳೋದು. ಸೆಂಟರ್ ಕೋರ್ಟಲ್ಲಿ ಸುಮಾರು 15 ಸಾವಿರ ಸೀಟು, ಆದ್ರೆ ದಿನಕ್ಕೆ ಒಳಗೆ ಬರೋರು 40 ಸಾವಿರದ ಮೇಲೆ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಆ ಕೋರ್ಟಿನ ಟಿಕೆಟ್ ಇಲ್ದೇನೇ ಖುಷಿಯಾಗಿ ದಿನ ಕಳೀತಾರೆ. ಒಟ್ಟು 18 ಹುಲ್ಲಿನ ಕೋರ್ಟ್ ಇದೆ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು 11 ಗಂಟೆ 5 ನಿಮಿಷ ಆಡಿದ್ರಲ್ಲ, ಮೂರು ದಿನ ಹಿಡಿದು ಕೊನೇ ಸೆಟ್ 70-68ಕ್ಕೆ ಮುಗಿದಿದ್ದು, ಆ ಮ್ಯಾಚ್ ನಡ್ದಿದ್ದು ಸೆಂಟರ್ ಕೋರ್ಟಲ್ಲಲ್ಲ, 18ನೇ ಕೋರ್ಟಲ್ಲಿ, ಎಂಟ್ನೂರು ಸೀಟೂ ಇಲ್ದಿರೋ ಜಾಗ ಅದು. ಗ್ರೌಂಡ್ಸ್ ಪಾಸ್, ಅಂದ್ರೆ ದೊಡ್ಡ ಕೋರ್ಟಿನ ಸೀಟಿಲ್ದೆ ಬರೀ ಒಳಗೆ ಹೋಗೋ ಟಿಕೆಟ್, ಇದ್ದೋರು ನೋಡಿರೋ ಮ್ಯಾಚ್ ಅದು.

ಬೇರೆ ದೊಡ್ಡ ಟೂರ್ನಿಗಳ ಲೆಕ್ಕ ಇಲ್ಲಿಗೆ ಹಿಡಿಯೋಕೆ ಹೋಗ್ಬೇಡಿ. ನ್ಯೂಯಾರ್ಕಿನ ಯುಎಸ್ ಓಪನ್ ಟಿಕೆಟ್ಟು ಟಿಕೆಟ್‌ಮಾಸ್ಟರ್ ಅನ್ನೋ ಸೈಟಲ್ಲಿ ಮಾರಾಟ ಆಗತ್ತೆ, ತಗೊಂಡೋರು ಅಲ್ಲೇ ಮತ್ತೆ ಮಾರ್ತಾರೆ, ಹಿಂದಿನ ದಿನ ಕೂತ್ಕೊಂಡೂ ಸೀಟ್ ಆರಿಸ್ಬಹುದು, ರೇಟ್ ಮಾತ್ರ ಏರ್ತಾ ಇಳೀತಾ ಇರತ್ತೆ. ಪ್ಯಾರಿಸ್ಸಲ್ಲಿ ರೋಲಾಂ ಗ್ಯಾರೋಸ್, ಅಂದ್ರೆ ಫ್ರೆಂಚ್ ಓಪನ್‌ನವರದ್ದೇ ಸೈಟಲ್ಲಿ ರೀಸೇಲ್ ಇದೆ, ದಿನಾ ಇಣುಕಿ ನೋಡ್ತಾ ಇದ್ರೆ ಏನಾದ್ರೂ ಸಿಗತ್ತೆ. ವಿಂಬಲ್ಡನ್ನಲ್ಲಿ ಹಾಗಿಲ್ಲ. ಇಲ್ಲಿ ಟಿಕೆಟ್ ಅನ್ನೋದು ತಗೊಂಡೋರ ಹೆಸರಿಗೆ ಅಂಟ್ಕೊಂಡಿರತ್ತೆ, ಒಂದು ಥರದ ಟಿಕೆಟ್ ಬಿಟ್ರೆ ಬೇರೆ ಯಾವ್ದನ್ನೂ ಇನ್ನೊಬ್ರಿಗೆ ಮಾರೋ ಹಾಗಿಲ್ಲ. ಈ ಒಂದು ನಿಯಮ ತಲೇಲಿಟ್ಕೊಂಡ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗತ್ತೆ.

ಬ್ಯಾಲಟ್: ಹಾಕಿ, ಆದ್ರೆ ನಂಬ್ಕೊಂಡು ಕೂರ್ಬೇಡಿ

ಬ್ಯಾಲಟ್ ಅಂದ್ರೆ ಲಾಟರಿ. ಹಿಂದಿನ ವರ್ಷದ ಸೆಪ್ಟೆಂಬರಲ್ಲಿ ಸುಮಾರು ಎರಡು ವಾರ ತೆಗ್ದಿರತ್ತೆ, ಮೈವಿಂಬಲ್ಡನ್ ಅಂತ ಅವ್ರ ಸೈಟಲ್ಲೇ ಒಂದು ಅಕೌಂಟ್ ಮಾಡ್ಕೊಂಡು ಅರ್ಜಿ ಹಾಕ್ಬೇಕು, ಯಾವ ದೇಶದಲ್ಲಿರೋರಾದ್ರೂ ಹಾಕ್ಬಹುದು, ದುಡ್ಡೇನೂ ಇಲ್ಲ. ಒಬ್ರಿಗೆ ಒಂದೇ ಅರ್ಜಿ, ನಾಲ್ಕು ಇಮೇಲಿಂದ ನಾಲ್ಕು ಹಾಕಿದ್ರೆ ಎಲ್ಲಾನೂ ತೆಗೆದು ಹಾಕ್ತಾರೆ. ನವೆಂಬರಿಂದ ಅದೃಷ್ಟ ಇದ್ದೋರಿಗೆ ಇಮೇಲ್ ಬರೋಕೆ ಶುರುವಾಗತ್ತೆ. ಅದ್ರಲ್ಲಿ ಇಂಥಾ ದಿನ, ಇಂಥಾ ಕೋರ್ಟು, ಇಷ್ಟು ದುಡ್ಡು ಅಂತ ಇರತ್ತೆ, ಬೇಕಾದ್ರೆ ಗಡುವಿನೊಳಗೆ ದುಡ್ಡು ಕಟ್ಬೇಕು, ಇಲ್ಲಾಂದ್ರೆ ಅದು ಇನ್ಯಾರಿಗೋ ಹೋಗತ್ತೆ. ದಿನ ಬದಲಾಯಿಸಿ, ಕೋರ್ಟ್ ಬದಲಾಯಿಸಿ ಅಂತ ಕೇಳೋಕಾಗಲ್ಲ.

ಹೊರಗಿಂದ ಬರೋರಿಗೆ ತೊಂದ್ರೆ ಇರೋದು ಇಲ್ಲೇ. ನಿಮ್ಮ ರಜ ಮೊದಲ್ನೇ ವಾರ ಇದ್ದು, ಬ್ಯಾಲಟ್ಟಲ್ಲಿ ಎರಡ್ನೇ ವಾರದ ಬುಧವಾರ ಬಂದ್ರೆ ಏನು ಮಾಡ್ತೀರಾ? ಬೆಲೆ ಮಾತ್ರ ನ್ಯಾಯವಾದ್ದು, ಮುಖಬೆಲೆನೇ. 2025ರಲ್ಲಿ ಸೆಂಟರ್ ಕೋರ್ಟಲ್ಲಿ ಶುರುವಿನ ದಿನಗಳಿಗೆ ನೂರು ಪೌಂಡ್ ಆಸುಪಾಸಿತ್ತು, ಗಂಡಸರ ಫೈನಲ್ಲಿಗೆ 315 ಪೌಂಡ್. ಇಡೀ ದಿನಕ್ಕೆ ಆ ಸೀಟು ಇದಕ್ಕಿಂತ ಕಮ್ಮಿಗೆ ಸಿಗಲ್ಲ. ಹಾಗಾಗಿ ನನ್ನ ಮಾತು ಇಷ್ಟೇ, ಬರೋ ವರ್ಷ ಹೋಗೋ ಯೋಚ್ನೆ ಸ್ವಲ್ಪ ಇದ್ರೂ ಅರ್ಜಿ ಹಾಕಿಡಿ, ಬಂದ್ರೆ ಆ ದಿನದ ಸುತ್ತ ಪ್ರಯಾಣ ಹೊಂದಿಸ್ಕೊಳ್ಳಿ. ಫ್ಲೈಟ್ ಮೊದ್ಲೇ ಬುಕ್ ಮಾಡಿ ಬ್ಯಾಲಟ್ ಬರತ್ತೆ ಅಂತ ಕಾಯೋದು ಬೇಡ. ವೀಸಾ ಬೇಕಾದೋರಂತೂ ಇಮೇಲ್ ಬಂದ ತಕ್ಷಣ ಆ ಕೆಲಸ ಶುರು ಮಾಡ್ಬೇಕು.

ಕ್ಯೂ: ಟೈಮ್ ಇದ್ದೋರಿಗೆ ಇದಕ್ಕಿಂತ ಒಳ್ಳೇದಿಲ್ಲ

ಇಷ್ಟು ದೊಡ್ಡ ಟೂರ್ನಿಗೆ ಅವತ್ತಿನ ದಿನಾನೇ ಹೋಗಿ ಸಾಲಲ್ಲಿ ನಿಂತು ಮುಖಬೆಲೆಗೆ ಒಳ್ಳೇ ಸೀಟು ತಗೋಬಹುದು ಅನ್ನೋದು ನಂಬೋಕೆ ಕಷ್ಟ, ಆದ್ರೆ ಇಲ್ಲಿ ಅದು ಇವತ್ತಿಗೂ ನಡೀತಿದೆ, ನನಗೆ ವಿಂಬಲ್ಡನ್ ಬಗ್ಗೆ ಇರೋ ಪ್ರೀತಿಯಲ್ಲಿ ಅರ್ಧ ಈ ಕ್ಯೂಗೇ ಸಲ್ಲತ್ತೆ.

ಲೆಕ್ಕ ಹೀಗಿದೆ. ದಿನಾ ಸೆಂಟರ್ ಕೋರ್ಟಿಗೆ ಸುಮಾರು 500, ನಂಬರ್ 1 ಕೋರ್ಟಿಗೆ ಸುಮಾರು 500, ನಂಬರ್ 2 ಕೋರ್ಟಿಗೆ ಸುಮಾರು 500 ಟಿಕೆಟ್ ಕ್ಯೂನೋರಿಗೆ ಅಂತಲೇ ಇಟ್ಟಿರ್ತಾರೆ, ಅದರ ಮೇಲೆ ಸಾವಿರಾರು ಗ್ರೌಂಡ್ಸ್ ಪಾಸು. ಸೆಂಟರ್ ಕೋರ್ಟಿಂದು ಮಾತ್ರ ಕೊನೇ ನಾಲ್ಕು ದಿನ ಕ್ಯೂನಲ್ಲಿ ಸಿಗಲ್ಲ, ಅಂದ್ರೆ ಸೆಮಿಫೈನಲ್ಲು ಫೈನಲ್ಲು ಈ ದಾರೀಲಿ ನೋಡೋಕಾಗಲ್ಲ, ಅದನ್ನ ಮೊದ್ಲೇ ಮನಸ್ಸಿಂದ ತೆಗೆದುಬಿಡಿ.

ಜಾಗ ವಿಂಬಲ್ಡನ್ ಪಾರ್ಕು. ಟ್ಯೂಬಲ್ಲಿ, ಅಂದ್ರೆ ಲಂಡನ್ ಮೆಟ್ರೋದಲ್ಲಿ, ಡಿಸ್ಟ್ರಿಕ್ಟ್ ಲೈನ್ ಹಿಡಿದು ಸೌತ್‌ಫೀಲ್ಡ್ಸಲ್ಲಿ ಇಳೀರಿ, ಹೆಸರು ನೋಡಿ ವಿಂಬಲ್ಡನ್ ಸ್ಟೇಷನ್ನಿಗೆ ಹೋಗಿಬಿಟ್ರೆ ಜಾಸ್ತಿ ನಡೀಬೇಕಾಗತ್ತೆ. ಸೌತ್‌ಫೀಲ್ಡ್ಸಿಂದ ಹದಿನೈದು ನಿಮಿಷದ ನಡಿಗೆ, ದಾರಿ ತಪ್ಪೋ ಹಾಗೇ ಇಲ್ಲ, ಬೆಳಿಗ್ಗೆ ಎಲ್ರೂ ಒಂದೇ ಕಡೆ ಹೋಗ್ತಿರ್ತಾರೆ. ಪಾರ್ಕಿಗೆ ಹೋದ್ಮೇಲೆ ತಾರೀಖು ನಂಬರ್ ಇರೋ ಕ್ಯೂ ಕಾರ್ಡ್ ಸಿಗತ್ತೆ, ಆ ನಂಬರೇ ನಿಮ್ಮ ಜಾತಕ. ವಿಂಬಲ್ಡನ್ ಆ್ಯಪು ಫೋನಲ್ಲಿ ಮೊದ್ಲೇ ಹಾಕ್ಕೊಂಡು ಲಾಗಿನ್ ಆಗಿರಿ, ಪಾರ್ಕಲ್ಲಿ ನಿಂತ್ಕೊಂಡು ಪಾಸ್‌ವರ್ಡ್ ನೆನಪು ಮಾಡ್ಕೊಳ್ಳೋ ಪರಿಸ್ಥಿತಿ ಬೇಡ.

ನಂಬರ್ 500ರೊಳಗೆ ಬರ್ಬೇಕು ಅಂದ್ರೆ ರಾತ್ರಿ ಅಲ್ಲೇ ಮಲಗ್ಬೇಕು, ಬೇರೆ ದಾರಿ ಇಲ್ಲ, ಹೆಸರುವಾಸಿ ಆಟಗಾರ ಆಡೋ ದಿನ ಆದ್ರೆ ಹಿಂದಿನ ದಿನ ಬೆಳಿಗ್ಗೇನೇ ಜನ ಸೇರಿರ್ತಾರೆ. ಟೆಂಟು ಇಬ್ರು ಮಲಗೋ ಅಷ್ಟೇ ಇರ್ಬೇಕು, ಬೆಂಕಿ ಹಚ್ಚೋ ಹಾಗಿಲ್ಲ, ರಾತ್ರಿ 10ರ ಮೇಲೆ ಗಲಾಟೆ ಮಾಡೋ ಹಾಗಿಲ್ಲ. ಬೆಳಿಗ್ಗೆ ಐದಾರು ಗಂಟೆಗೆ ಸ್ಟೀವರ್ಡ್‌ಗಳು ಬಂದು ಟೆಂಟ್ ತಟ್ಟಿ ಎಬ್ಬಿಸ್ತಾರೆ, ಟೆಂಟ್ ಮಡಚಿ ದುಡ್ಡು ಕೊಟ್ಟು ಲಗೇಜ್ ಇಡೋ ಕಡೆ ಇಟ್ಟು ಸಾಲಿಗೆ ಒತ್ತೊತ್ತಾಗಿ ಬಂದು ನಿಲ್ಬೇಕು. ನಂಬರ್ ಮುಂದಿರೋರಿಗೆ ಏಳೂವರೆ ಆಸುಪಾಸಿಗೆ ಕೈಗೆ ಪಟ್ಟಿ ಕಟ್ತಾರೆ, ಯಾವ ಕೋರ್ಟ್ ಬೇಕು ಅಂತ ಅಲ್ಲೇ ಕೇಳ್ತಾರೆ. ಒಬ್ರಿಗೆ ಒಂದೇ ಟಿಕೆಟ್, ನಮ್ಮೋರು ಆಮೇಲೆ ಬರ್ತಾರೆ ಅಂತ ಜಾಗ ಹಿಡಿಯೋ ಹಾಗಿಲ್ಲ. ತಿಂಡಿಗೋ ಶೌಚಾಲಯಕ್ಕೋ ಎದ್ದು ಹೋದ್ರೆ ಅರ್ಧ ಗಂಟೆಯೊಳಗೆ ವಾಪಸ್ ಬರ್ಬೇಕು.

ಈಗ ನನ್ನ ಅಭಿಪ್ರಾಯ. ಮೊದಲ್ನೇ ಸಲ ಹೋಗೋರು, ಅದ್ರಲ್ಲೂ ಒಂದೇ ದಿನ ಇರೋರು, ಟೆಂಟ್ ಹಾಕೋಕೆ ಹೋಗ್ಬೇಡಿ. ವಿಮಾನ ಇಳಿದ ಸುಸ್ತಲ್ಲಿ ಒದ್ದೆ ಹುಲ್ಲಿನ ಮೇಲೆ ರಾತ್ರಿ ಕಳೆದು, ಮಧ್ಯಾಹ್ನ ಒಂದೂವರೆಗೆ ಸೆಂಟರ್ ಕೋರ್ಟಲ್ಲಿ ಆಟ ಶುರುವಾಗೋ ಹೊತ್ತಿಗೆ ತೂಕಡಿಸ್ತಾ ಕೂರೋರನ್ನ ನಾನೇ ಪಕ್ಕದಲ್ಲಿ ನೋಡಿದೀನಿ. ಅದರ ಬದ್ಲು ಮೊದಲ್ನೇ ವಾರದ ಯಾವ್ದಾದ್ರೂ ದಿನ ಬೆಳಿಗ್ಗೆ ಆರರೊಳಗೆ ಪಾರ್ಕಲ್ಲಿದ್ದು ಗ್ರೌಂಡ್ಸ್ ಪಾಸ್ ತಗೊಳ್ಳಿ. 2025ರಲ್ಲಿ ಅದಕ್ಕೆ 30 ಪೌಂಡಿತ್ತು. ಹತ್ತಕ್ಕೆ ಗೇಟ್ ತೆಗೀತಾರೆ, ಹನ್ನೊಂದಕ್ಕೆ ಹೊರಗಿನ ಕೋರ್ಟುಗಳಲ್ಲಿ ಆಟ ಶುರು. ಮೂರನೇ ಕೋರ್ಟಿಂದ 18ರ ತನಕ ರಿಸರ್ವ್ ಮಾಡ್ದೇ ಇರೋ ಸೀಟುಗಳಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರ್ಬಹುದು, ಚಿಕ್ಕ ಕೋರ್ಟುಗಳಲ್ಲಂತೂ ಆಟಗಾರರು ಕೈಗೆಟುಕೋ ದೂರದಲ್ಲಿರ್ತಾರೆ, ಸರ್ವ್ ಮಾಡೋಕೆ ಮುಂಚೆ ಚೆಂಡು ನೆಲಕ್ಕೆ ತಟ್ಟೋ ಸದ್ದು, ಪಾಯಿಂಟ್ ಹೋದಾಗ ಅವ್ರು ತಮಗೆ ತಾವೇ ಬೈಕೊಳ್ಳೋದು ಎಲ್ಲ ಕೇಳತ್ತೆ. ಟಿವೀಲಿ ಎಷ್ಟು ವರ್ಷ ನೋಡಿದ್ರೂ ಆ ಚೆಂಡಿನ ವೇಗ ಗೊತ್ತಾಗಲ್ಲ ರೀ, ಹತ್ತಿರ ನಿಂತಾಗಲೇ ಗೊತ್ತಾಗೋದು.

ಮೊದಲ್ನೇ ವಾರ ಅಂತ ಒತ್ತಿ ಹೇಳೋಕೆ ಕಾರಣ ಇದೆ. ಆಗ ಸಿಂಗಲ್ಸಲ್ಲಿ 128 ಜನ ಗಂಡಸರು, 128 ಜನ ಹೆಂಗಸರು, ಅಷ್ಟು ಮ್ಯಾಚು ಸೆಂಟರ್ ಕೋರ್ಟಲ್ಲೇ ಹಿಡಿಸಲ್ವಲ್ಲ, ದೊಡ್ಡ ದೊಡ್ಡ ಹೆಸರುಗಳೂ ಹೊರಗಿನ ಕೋರ್ಟಿಗೆ ಬರ್ತಾರೆ. ಎರಡ್ನೇ ವಾರ ಅರ್ಧ ಕಳೆಯೋ ಹೊತ್ತಿಗೆ ಹೊರಗಡೆ ಉಳಿಯೋದು ಡಬಲ್ಸು, ಜೂನಿಯರ್ಸು, ವೀಲ್‌ಚೇರ್ ಮ್ಯಾಚುಗಳು. ಅವೂ ಚೆನ್ನಾಗೇ ಇರತ್ತೆ, ವೀಲ್‌ಚೇರ್ ಟೆನಿಸ್ ಹತ್ತಿರದಿಂದ ನೋಡಿದ್ರೆ ಅದರ ಕಷ್ಟ ಗೊತ್ತಾಗಿ ಕೈಮುಗೀಬೇಕು ಅನ್ನಿಸತ್ತೆ, ಆದ್ರೆ ಸಿಂಗಲ್ಸಿನ ದೊಡ್ಡ ಹೆಸರುಗಳನ್ನೇ ನೋಡ್ಬೇಕು ಅಂತ ದೂರದಿಂದ ಬಂದೋರಿಗೆ ನಿರಾಸೆ ಆಗ್ಬಹುದು. ಬೆಳಿಗ್ಗೆ ಏಳೋಕಾಗಲ್ಲ ಅನ್ನೋರಿಗೂ ಒಂದು ದಾರಿ ಇದೆ, ಸಾಯಂಕಾಲ ಐದರ ಮೇಲೆ ಗ್ರೌಂಡ್ಸ್ ಪಾಸ್ ಬೆಲೆ ಇಳಿಸ್ತಾರೆ, ಜೂನ್ ಕೊನೇಲಿ ಲಂಡನ್ನಲ್ಲಿ ರಾತ್ರಿ ಒಂಬತ್ತು ದಾಟಿದ್ರೂ ಬೆಳಕಿರೋದ್ರಿಂದ ಮೂರ್ನಾಕು ಗಂಟೆ ಆಟ ಆರಾಮಾಗಿ ಸಿಗತ್ತೆ. ಆಗಲೂ ಸಾಲು ಇದ್ದೇ ಇರತ್ತೆ, ಹೊರಡೋಕೆ ಮುಂಚೆ ಆ್ಯಪಲ್ಲಿ ಕ್ಯೂ ಹೇಗಿದೆ ನೋಡ್ಕೊಂಡು ಹೋಗಿ.

ಜಾಸ್ತಿ ಜನಕ್ಕೆ ಗೊತ್ತಿಲ್ದಿರೋ ಸಾಯಂಕಾಲದ ರೀಸೇಲ್

ಕ್ಯೂನ ನಾನು ಇಷ್ಟು ಹೊಗಳೋಕೆ ಅಸಲಿ ಕಾರಣ ಇದು. ಸೆಂಟರ್ ಕೋರ್ಟು, ನಂಬರ್ 1, ನಂಬರ್ 2 ಟಿಕೆಟ್ ಇರೋರು ಎಷ್ಟೋ ಜನ ಬೇಗ ಮನೆಗೆ ಹೊರಡ್ತಾರೆ, ಹೋಗುವಾಗ ತಮ್ಮ ಟಿಕೆಟ್ ವಾಪಸ್ ಕೊಟ್ಟು ಹೋಗ್ತಾರೆ, ಆ ಸೀಟನ್ನ ಒಳಗೇ ಇರೋರಿಗೆ ಮತ್ತೆ ಮಾರ್ತಾರೆ. 1954ರಿಂದ ಇದೆ ಈ ಪದ್ಧತಿ, ಬರೋ ದುಡ್ಡು ದಾನಕ್ಕೆ ಹೋಗತ್ತೆ. 2025ರಲ್ಲಿ ಸೆಂಟರ್ ಕೋರ್ಟಿಗೆ 15 ಪೌಂಡ್, ಉಳಿದೆರಡಕ್ಕೆ 10 ಪೌಂಡ್. ಮಧ್ಯಾಹ್ನದ ಮೇಲೆ ಆ್ಯಪಲ್ಲೇ ರೀಸೇಲಿನ ಸಾಲಿಗೆ ಸೇರ್ಕೋಬಹುದು, ಸೇರ್ಕೊಂಡು ನಿಮ್ಮ ಪಾಡಿಗೆ ನೀವು ಬೇರೆ ಮ್ಯಾಚ್ ನೋಡ್ತಾ ಇರಿ, ಸರದಿ ಬಂದಾಗ ಫೋನಿಗೆ ಮೆಸೇಜ್ ಬರತ್ತೆ, 18ನೇ ಕೋರ್ಟಿನ ಹತ್ರ ಇರೋ ಕೌಂಟರಿಗೆ ಹೋಗಿ ತಗೊಳ್ಳೋದು.

ನಾನು ಹೋದ ದಿನ ಹೀಗೇ ಆಯ್ತು. ಗ್ರೌಂಡ್ಸ್ ಪಾಸಲ್ಲಿ ಬೆಳಗ್ಗಿಂದ ಕೋರ್ಟಿಂದ ಕೋರ್ಟಿಗೆ ಅಲೆದು ಕಾಲು ಸೋತಿತ್ತು, ದೊಡ್ಡ ಸ್ಕ್ರೀನ್ ಮುಂದೆ ದಿನ್ನೆ ಮೇಲೆ ಹುಲ್ಲಲ್ಲಿ ಕೂತ್ಕೊಂಡಿದ್ದೆ, ಆರೂವರೆ ಹೊತ್ತಿಗೆ ಫೋನ್ ಸದ್ದು ಮಾಡ್ತು. ಓಡಿ ಹೋಗಿ ಟಿಕೆಟ್ ತಗೊಂಡು ಸೆಂಟರ್ ಕೋರ್ಟಿನ ಮೆಟ್ಲ ಹತ್ರ ಹೋದ್ರೆ ಸೇನೆ ಯೂನಿಫಾರಂ ಹಾಕಿದ್ದ ಸ್ಟೀವರ್ಡ್ ಕೈ ಅಡ್ಡ ಹಿಡಿದು ನಿಲ್ಲಿಸಿದ್ರು, ಆಟಗಾರರು ಬದಿ ಬದಲಿಸೋ ತನಕ ಯಾರನ್ನೂ ಒಳಗೆ ಬಿಡಲ್ಲ. ಒಳಗೆ ಏನೂ ಕಾಣಲ್ಲ, ಚೆಂಡಿನ ಟಪ್ ಟಪ್ ಸದ್ದು ಮಾತ್ರ, ಆಮೇಲೆ ಒಮ್ಮೆಗೇ ಹದಿನೈದು ಸಾವಿರ ಜನ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಸ್ಟೀವರ್ಡ್ ಕೈ ಇಳಿಸಿದ್ರು, ಎರಡು ಮೆಟ್ಲು ಹತ್ತಿದ್ದೇ ತಡ ಆ ಹಸಿರು ಕಣ್ಣಿಗೆ ಬಿತ್ತು, ಬೇಸ್‌ಲೈನ್ ಹತ್ರ ಆಗ್ಲೇ ಹುಲ್ಲು ಸವೆದು ಕಂದು ಬಣ್ಣ ಬಂದಿತ್ತು. ಅವತ್ತು ನಾನು ಎರಡೂವರೆ ಗಂಟೆ ಅಲ್ಲಿ ಕೂತಿದ್ದೆ, ಬೆಳಗ್ಗಿನ ಪಾಸೂ ಸೇರಿ ಒಟ್ಟು ಖರ್ಚು 45 ಪೌಂಡ್.

ದಿನಾ ಎಲ್ರಿಗೂ ಸಿಗತ್ತೆ ಅಂತ ಹೇಳೋಕಾಗಲ್ಲ. ಆಟ ಬಿಗಿಯಾಗಿದ್ರೆ ಯಾರೂ ಎದ್ದು ಹೋಗಲ್ಲ. ಮಳೆ ಬಂದ್ರೂ ಅಷ್ಟೇ, ಛಾವಣಿ ಇರೋದು ಸೆಂಟರ್ ಕೋರ್ಟಿಗೆ ಮತ್ತೆ ನಂಬರ್ 1 ಕೋರ್ಟಿಗೆ ಮಾತ್ರ, 2009ರಲ್ಲಿ ಒಂದಕ್ಕೆ 2019ರಲ್ಲಿ ಇನ್ನೊಂದಕ್ಕೆ ಹಾಕಿದ್ದು, ಹಾಗಾಗಿ ಮಳೆ ದಿನ ಎಲ್ರಿಗೂ ಅಲ್ಲೇ ಜಾಗ ಬೇಕು, ಅಲ್ಲಿರೋರು ಅಲ್ಲಾಡಲ್ಲ. ಮಳೆ ಗ್ಯಾರಂಟಿ ಅಂತ ಮುನ್ಸೂಚನೆ ಇರೋ ದಿನ ಗ್ರೌಂಡ್ಸ್ ಪಾಸಿಗೆ ಹೋಗ್ಬೇಡಿ, ಇನ್ನೊಂದು ದಿನ ಇಟ್ಕೊಳ್ಳಿ. ಕ್ಯೂನ ದೊಡ್ಡ ಲಾಭನೇ ಇದಲ್ವಾ, ದಿನ ನೀವೇ ಆರಿಸ್ಕೋಬಹುದು, ಮೊದ್ಲೇ ಒಂದು ಪೈಸೆ ಕಟ್ಟಿರಲ್ಲ.

ಡಿಬೆಂಚರ್ ಮತ್ತು ಹಾಸ್ಪಿಟಾಲಿಟಿ: ದುಡ್ಡಿದೆ, ದಿನ ಫಿಕ್ಸ್ ಇದೆ ಅನ್ನೋರಿಗೆ

ಮೇಲೆ ಹೇಳಿದ್ನಲ್ಲ, ಒಂದು ಥರದ ಟಿಕೆಟ್ ಮಾತ್ರ ಬೇರೆಯೋರಿಗೆ ಮಾರ್ಬಹುದು ಅಂತ, ಅದೇ ಡಿಬೆಂಚರ್. ಟೂರ್ನಿ ನಡೆಸೋ ಕ್ಲಬ್ಬು 1920ರಿಂದ ತನ್ನ ಕಟ್ಟಡದ ಕೆಲಸಕ್ಕೆ ಹೀಗೆ ದುಡ್ಡು ಎತ್ತತ್ತೆ, ದುಡ್ಡು ಕೊಟ್ಟೋರಿಗೆ ಐದು ವರ್ಷಕ್ಕೆ ಒಂದು ಸೀಟು, ಸೆಂಟರ್ ಕೋರ್ಟಿಂದಾದ್ರೆ ಪ್ರತಿ ದಿನದ ಟಿಕೆಟ್ ಅವ್ರಿಗೆ. 2026ರಿಂದ 2030ರ ಸೆಂಟರ್ ಕೋರ್ಟ್ ಡಿಬೆಂಚರ್ ಒಂದಕ್ಕೆ 1,16,000 ಪೌಂಡ್ ಇಟ್ಟಿದ್ರು, ಅಂಥಾ ಸೀಟು 2,520 ಇದೆ. ಅವ್ರು ತಾವು ಹೋಗದ ದಿನದ ಟಿಕೆಟ್ ಕಾನೂನುಬದ್ಧವಾಗೇ ಮಾರ್ತಾರೆ, ಅದನ್ನ ನೀವು ತಗೋಬಹುದು. ಸೀಟು ಒಳ್ಳೇ ಜಾಗದಲ್ಲಿರತ್ತೆ, ಅವ್ರದ್ದೇ ಬೇರೆ ರೆಸ್ಟೊರೆಂಟು ಬಾರು ಇರತ್ತೆ, ದಿನ ಖಚಿತ, ಕೋರ್ಟ್ ಖಚಿತ. ಬೆಲೆ ಮಾತ್ರ ಮುಖಬೆಲೆಯ ಎಷ್ಟೋ ಪಟ್ಟು, ಫೈನಲ್ ದಿನ ಸಾವಿರಾರು ಪೌಂಡಿಗೆ ಹೋಗತ್ತೆ.

ಹಾಸ್ಪಿಟಾಲಿಟಿ ಅಂದ್ರೆ ಟಿಕೆಟ್ ಜೊತೆ ಊಟ, ಡ್ರಿಂಕ್ಸು, ಕೂತ್ಕೊಳ್ಳೋಕೆ ಲೌಂಜು ಸೇರಿಸಿ ಮಾರೋ ಪ್ಯಾಕೇಜು. ಕೀತ್ ಪ್ರೌಸ್ ಅನ್ನೋ ಕಂಪನಿಯೋರು ಬಹಳ ವರ್ಷದಿಂದ ಇದರ ಅಧಿಕೃತ ಮಾರಾಟಗಾರರು, ಸದ್ಯ ಯಾರ್ಯಾರಿಗೆ ಅಧಿಕಾರ ಇದೆ ಅನ್ನೋ ಪಟ್ಟಿ ವಿಂಬಲ್ಡನ್ ಸೈಟಲ್ಲೇ ಇರತ್ತೆ. ಎರಡರಲ್ಲಿ ಒಂದು ಅಂದ್ರೆ ನಾನು ಡಿಬೆಂಚರ್ ಅಂತೀನಿ, ಟೆನಿಸ್ ನೋಡೋಕೆ ಬಂದೋರಿಗೆ ಮೂರು ಕೋರ್ಸಿನ ಊಟ ಯಾಕೆ, ಊಟ ಮುಗಿಸಿ ಬರೋಷ್ಟರಲ್ಲಿ ಒಂದು ಸೆಟ್ ಮುಗ್ದಿರತ್ತೆ. ಆದ್ರೆ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ರೆ ಲೆಕ್ಕ ಬೇರೆ, ಅವ್ರಿಗೆ ಮಧ್ಯೆ ಮಧ್ಯೆ ತಣ್ಣಗೆ ಕೂತ್ಕೊಳ್ಳೋಕೆ ಜಾಗ ಇರೋದು ದೊಡ್ಡ ವಿಷ್ಯ, ಆಗ ಹಾಸ್ಪಿಟಾಲಿಟಿ ಕೊಟ್ಟ ದುಡ್ಡಿಗೆ ಸರಿಹೋಗತ್ತೆ. ಪುಟ್ಟ ಮಕ್ಕಳಿರೋರು ಒಂದು ನೋಡ್ಕೊಳ್ಳಿ, ಐದು ವರ್ಷದೊಳಗಿನ ಮಕ್ಕಳನ್ನ ಶೋ ಕೋರ್ಟು, ಅಂದ್ರೆ ಸೆಂಟರ್ ಕೋರ್ಟಿನಂಥಾ ದೊಡ್ಡ ಕೋರ್ಟುಗಳೊಳಗೆ ಬಿಡಲ್ಲ, ಅಷ್ಟು ದುಡ್ಡು ಸುರಿದು ಒಬ್ರು ಹೊರಗೆ ಮಗು ಎತ್ಕೊಂಡು ನಿಲ್ಲೋ ಹಾಗೆ ಆಗ್ಬಾರ್ದು.

ಇವೆರಡನ್ನ ಬಿಟ್ಟು ಇಂಟರ್ನೆಟ್ಟಲ್ಲಿ ಸೆಂಟರ್ ಕೋರ್ಟ್ ಟಿಕೆಟ್ ಇದೆ ಬನ್ನಿ ಅಂತ ಕರೆಯೋ ಸೈಟು, ಸ್ಟೇಷನ್ ಹೊರಗೆ ಪಿಸುಗುಡೋ ಬ್ಲ್ಯಾಕ್ ಟಿಕೆಟ್‌ನೋರು, ಇವ್ರ ಹತ್ರ ತಗೊಳ್ಳೋದು ಹಗಲು ಕಂಡ ಬಾವೀಲಿ ರಾತ್ರಿ ಬಿದ್ದ ಹಾಗೆ. ಬ್ಯಾಲಟ್ ಟಿಕೆಟ್ಟು ಬೇರೆಯೋರ ಹೆಸರಲ್ಲಿರತ್ತೆ, ಗುರುತಿನ ಚೀಟಿ ಕೇಳಿದ್ರೆ ಮುಗೀತು. ನನ್ನ ಪರಿಚಯದೋರೊಬ್ರು ಅಂಥಾ ಒಂದು ಸೈಟಲ್ಲಿ ಆರ್ನೂರು ಪೌಂಡ್ ಕೊಟ್ಟು ತಗೊಂಡು ಗೇಟಿಂದ ವಾಪಸ್ ಬಂದ್ರು, ಹೆಂಡ್ತಿ ಹುಟ್ಟುಹಬ್ಬಕ್ಕೆ ಅಂತ ಮಾಡಿದ್ದ ಪ್ಲಾನು, ಇಬ್ರೂ ರಸ್ತೆ ಆ ಕಡೆ ಬೆಂಚ್ ಮೇಲೆ ಕೂತು ಒಳಗಿನ ಚಪ್ಪಾಳೆ ಕೇಳಿಸ್ಕೊಂಡು ಬಂದಿದ್ದು. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಡಿಬೆಂಚರ್ ಅಂತ ಹೇಳ್ಕೊಂಡು ಮಾರೋರ ಹತ್ರನೂ ಇದು ನಿಜವಾಗ್ಲೂ ಡಿಬೆಂಚರ್ ಸೀಟೇನಾ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.

ಹಾಗಾದ್ರೆ ನೀವು ಯಾವ್ದು ತಗೋಬೇಕು

ಲಂಡನ್ನಲ್ಲಿ ಮೂರ್ನಾಲ್ಕು ದಿನ ಇರ್ತೀರಾ, ಅದು ಮೊದಲ್ನೇ ವಾರ, ಬೇಗ ಏಳೋಕೆ ತೊಂದ್ರೆ ಇಲ್ಲ ಅಂದ್ರೆ ಕಣ್ಮುಚ್ಕೊಂಡು ಕ್ಯೂ, ಗ್ರೌಂಡ್ಸ್ ಪಾಸು, ಸಾಯಂಕಾಲ ರೀಸೇಲು. ಒಂದಿನ ಮಳೆ ಬಂದ್ರೂ ಇನ್ನೊಂದಿನ ಕೈಯಲ್ಲಿರತ್ತೆ. ಟೆಂಟ್ ಹಾಕ್ಲೇಬೇಕು ಅಂತ ಹುಮ್ಮಸ್ಸಿದ್ರೆ ಗ್ರೌಂಡ್ಸ್ ಪಾಸಲ್ಲಿ ಒಂದು ದಿನ ನೋಡ್ಕೊಂಡು, ಜಾಗದ ಅಂದಾಜು ಆದ್ಮೇಲೆ ಹಾಕಿ.

ಒಂದೇ ದಿನ ಇರೋದು, ಬೇರೆ ಕೆಲಸದ ಮಧ್ಯೆ ಬಿಡುವು ಮಾಡ್ಕೊಂಡಿದೀರಾ ಅಂದ್ರೆ ನಿಮ್ಮ ಬಜೆಟ್ ನೋಡ್ಕೊಳ್ಳಿ, ಕೈಯಲ್ಲಿ ಸಾಕಷ್ಟು ಇದ್ರೆ ನಂಬರ್ 1 ಕೋರ್ಟಿನ ಡಿಬೆಂಚರ್ ನೋಡಿ, ಸಾಮಾನ್ಯವಾಗಿ ಸೆಂಟರ್ ಕೋರ್ಟಿಗಿಂತ ಕಮ್ಮಿಗೆ ಸಿಗತ್ತೆ, ಛಾವಣಿ ಇರೋದ್ರಿಂದ ಮಳೆ ಬಂದ್ರೂ ಆಟ ಇರತ್ತೆ, ಆಟಗಾರರೂ ದೊಡ್ಡೋರೇ ಬರ್ತಾರೆ. ದುಡ್ಡು ಅಷ್ಟಿಲ್ಲ ಅಂದ್ರೆ ಐದರ ಮೇಲಿನ ಪಾಸು.

ಫೈನಲ್ಲೇ ನೋಡ್ಬೇಕು ಅನ್ನೋರಿಗೆ ಬ್ಯಾಲಟ್ಟು, ಇಲ್ಲಾ ದೊಡ್ಡ ದುಡ್ಡು, ಮಧ್ಯದ ದಾರಿ ಇಲ್ಲ. ಆದ್ರೆ ಫೈನಲ್ ದಿನಾನೂ ಗ್ರೌಂಡ್ಸ್ ಪಾಸ್ ತಗೊಂಡು ದಿನ್ನೆ ಮೇಲೆ ದೊಡ್ಡ ಸ್ಕ್ರೀನ್ ಮುಂದೆ ಕೂತು ಸಾವಿರಾರು ಜನದ ಜೊತೆ ನೋಡ್ಬಹುದು, ಪಕ್ಕದ ಕೋರ್ಟಲ್ಲೇ ಆ ಪಾಯಿಂಟ್ ನಡೀತಿರತ್ತೆ, ಒಳಗಿನ ಕೂಗು ನಿಜವಾಗ್ಲೂ ಕಿವಿಗೆ ಬೀಳತ್ತೆ. ಅದನ್ನ ಕಮ್ಮಿ ಅಂತ ನಾನಂತೂ ಅನ್ನಲ್ಲ.

ಯಾವ ದಾರೀಲಿ ಹೋದ್ರೂ ಪಾಸ್‌ಪೋರ್ಟೋ ಬೇರೆ ಫೋಟೊ ಐಡಿನೋ ಜೇಬಲ್ಲಿರ್ಲಿ, ಕಾರ್ಡ್ ಇರ್ಲಿ, ಫೋನ್ ಫುಲ್ ಚಾರ್ಜ್ ಆಗಿರ್ಲಿ, ಪವರ್‌ಬ್ಯಾಂಕ್ ಒಂದಿರ್ಲಿ, ಟಿಕೆಟ್ಟು ರೀಸೇಲು ಎಲ್ಲಾ ಫೋನಲ್ಲೇ. ಒಬ್ರಿಗೆ ಒಂದೇ ಬ್ಯಾಗು, ಅದೂ 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದೊಳಗೆ ಇರ್ಬೇಕು, ಟ್ರಾಲಿ ಸೂಟ್‌ಕೇಸ್ ಎಳ್ಕೊಂಡು ಸೀದಾ ಏರ್‌ಪೋರ್ಟಿಂದ ಬರ್ಬೇಡಿ. ಊಟ ನೀರು ಒಳಗೆ ತಗೊಂಡು ಹೋಗೋಕೆ ಬಿಡ್ತಾರೆ, ಬುತ್ತಿ ಕಟ್ಕೊಂಡು ಹೋದ್ರೆ ಒಳ್ಳೇದು. ಕೂರೋಕೆ ಒಂದು ಪ್ಲಾಸ್ಟಿಕ್ ಶೀಟ್ ಮರೀಬೇಡಿ, ಬೆಳಿಗ್ಗೆ ಆರು ಗಂಟೆಗೆ ಆ ಪಾರ್ಕಿನ ಹುಲ್ಲು ಪೂರ್ತಿ ಇಬ್ಬನಿಯಲ್ಲಿ ನೆಂದಿರತ್ತೆ.